ಶೂ ಕೊಟ್ಟ ಮೇಲೆ ಮಕ್ಕಳು ಬರೋದೇ ನಿಲ್ಲಿಸಿದರು, ಏನು ಮಾಡಲಿ?

ಭಾನುವಾರದ ಆಟ:
ನಾನು ಕೋಚ್ ಅಲ್ಲ, ಹಿಂದೆ ಸ್ವಲ್ಪ ಫುಟ್‌ಬಾಲ್ ಆಡಿದವನು ಅಷ್ಟೇ. ಕೂಲಿ ಮಾಡುವವರ ಮನೆಗಳ ಪಕ್ಕ ಒಂದು ಖಾಲಿ ಜಾಗವಿದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಅಲ್ಲಿ ಮಕ್ಕಳನ್ನು ಆಡಿಸುತ್ತೇನೆ. ಮೊದಲ ವಾರವೇ 31 ಮಕ್ಕಳು ಬಂದಿದ್ದರು, 9ರಿಂದ 12 ವರ್ಷದವರು. ಎರಡು ತಿಂಗಳ ಮೇಲೆ ಸ್ನೇಹಿತರೆಲ್ಲ ದುಡ್ಡು ಹಾಕಿ 12 ಜೊತೆ ಸ್ಟಡ್ ಶೂ (ಅಡಿಯಲ್ಲಿ ಗಟ್ಟಿ ಗುಬ್ಬಿಗಳಿರುವ ಶೂ) ತಂದೆವು. ಚೆನ್ನಾಗಿ ಆಡುವ 12 ಮಕ್ಕಳಿಗೆ ಕೊಟ್ಟೆ. ಈಗ ಬರುವವರು 14 ಜನ. ಹುಡುಗಿಯರು ಒಂಬತ್ತು ಇದ್ದದ್ದು ಎರಡಾಗಿದೆ. ಯಾಕೆ ಬರಲ್ಲ ಅಂತ ಕೇಳಿದರೆ "ಸುಮ್ನೆ" ಅಂತಾರೆ. ಎಲ್ಲಿ ಎಡವಿದೆ?

ಹಳೇ ಗೋಲ್‌ಕೀಪರ್:
ಎಡವಿದ್ದು ಶೂನಲ್ಲೇ. ನಾನೂ ಇದನ್ನೇ ಮಾಡಿದ್ದೆ, ಶೂ ಬದಲು ಜೆರ್ಸಿ. ಮಕ್ಕಳಿಗೆ ಅದು ಬಟ್ಟೆ ಅಲ್ಲ, ರಿಸಲ್ಟ್. ಸಿಗದವರು "ನಾವು ಫೇಲ್" ಅಂದುಕೊಂಡು ಮನೆಗೆ ಹೋದರು. ನಿಮ್ಮಲ್ಲಿ ಇನ್ನೂ ಒಂದು ಇದೆ: ಸ್ಟಡ್ ಇರುವ ಶೂ ಬರಿಗಾಲಿನ ಮೇಲೆ ಬಿದ್ದರೆ ಹೇಗಿರುತ್ತೆ? ನಾನಾದರೂ ಮಾರನೇ ವಾರ ಬರುತ್ತಿರಲಿಲ್ಲ.

ಶೂ ವಾಪಸ್ ಕೇಳಬೇಡಿ, ಅದು ಇನ್ನೂ ಕೆಟ್ಟದ್ದು. ಎಲ್ಲರಿಗೂ ಆಗುವಷ್ಟು ಬರುವ ತನಕ ಎಲ್ಲರೂ ಬರಿಗಾಲಲ್ಲೇ ಆಡಲಿ, ನೀವೂ ಬಿಚ್ಚಿ. ಶುರು ಮಾಡೋ ಮುಂಚೆ ಎಲ್ಲರನ್ನೂ ಸಾಲಾಗಿ ನಡೆಸಿ ಗಾಜು, ಕಲ್ಲು ಹೆಕ್ಕಿಸಿ. ಮುಂದೆ ತಂದರೆ ಸ್ಟಡ್ ಇಲ್ಲದ್ದು ತನ್ನಿ. ಹಿಮ್ಮಡಿ ಮೇಲೆ ಸೈಜ್ ಬರೆದು ಒಂದು ಚೀಲದಲ್ಲಿಡಿ. ಆಟ ಮುಗಿದ ಮೇಲೆ ಎಲ್ಲವೂ ಚೀಲಕ್ಕೇ. ಶೂ ಮೈದಾನದ್ದು, ಯಾರೊಬ್ಬರದ್ದೂ ಅಲ್ಲ.

ಚೆಂಡು ಯಾವುದು? ದೊಡ್ಡವರ 5ನೇ ಸೈಜ್ ಆದರೆ 410ರಿಂದ 450 ಗ್ರಾಂ ತೂಗುತ್ತೆ. ಈ ವಯಸ್ಸಿಗೆ 4ನೇ ಸೈಜ್ ಸಾಕು.

ಮತ್ತೆ "ಚೆನ್ನಾಗಿ ಆಡುವವರು" ಅಂದಿರಲ್ಲ, ಅವರ ಹುಟ್ಟಿದ ತಿಂಗಳು ಒಮ್ಮೆ ಕೇಳಿ. ಹತ್ತು ವರ್ಷದ ಮಕ್ಕಳಲ್ಲಿ ಹನ್ನೊಂದು ತಿಂಗಳ ಅಂತರ ಅಂದರೆ ತುಂಬಾ ಜಾಸ್ತಿ. ಕೆನಡಾದ ಐಸ್ ಹಾಕಿಯಲ್ಲಿ 1980ರ ದಶಕದಲ್ಲೇ ಇದನ್ನು ಗಮನಿಸಿದ್ದರು: ಅಲ್ಲಿ ವಯಸ್ಸಿನ ಗುಂಪು ಜನವರಿಯಿಂದ ಲೆಕ್ಕ, ಆಯ್ಕೆಯಾದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ, ಅಂದರೆ ಗುಂಪಿನಲ್ಲಿ ದೊಡ್ಡವರೇ ಹೆಚ್ಚು. ನಾವು ಪ್ರತಿಭೆ ಅಂದುಕೊಳ್ಳೋದು ಎಷ್ಟೋ ಸಲ ಬರೀ ಮೈಕಟ್ಟು.

ಮೂರನೇ ಮನೆ ಅಕ್ಕ:
ಹುಡುಗಿಯರ ವಿಷಯ ಶೂದು ಮಾತ್ರ ಅಲ್ಲ ಅನಿಸುತ್ತೆ. ಬೆಳಿಗ್ಗೆ ಏಳಕ್ಕೆ ಅಂದಿರಿ. ಆ ಹೊತ್ತಿಗೆ ಮನೆಯಲ್ಲಿ ನೀರು ತುಂಬೋದು, ಪಾತ್ರೆ ತೊಳೆಯೋದು ಯಾರು? ಕೂಲಿಗೆ ಭಾನುವಾರ ಅಂತ ರಜೆ ಇರಲ್ಲ. ಅಮ್ಮ ಹೊರಟಳು ಅಂದರೆ ತಮ್ಮ ಇವಳ ಸೊಂಟದ ಮೇಲೆ. ಸಂಜೆ ಇಟ್ಟು ನೋಡಿ. "ತಮ್ಮನನ್ನೂ ಕರ್ಕೊಂಡು ಬಾ" ಅಂತ ನೀವೇ ಹೇಳಿ. ಅವನಿಗೊಂದು ಹಳೇ ಚೆಂಡು ಕೊಟ್ಟು ಮೂಲೆಯಲ್ಲಿ ಬಿಡಿ, ನೋಡಿಕೊಳ್ಳೋಕೆ ದೊಡ್ಡವರೊಬ್ಬರು ಇರಲಿ. ಹತ್ತಿರ ಶೌಚಾಲಯ ಇದೆಯಾ? 12ರ ಹತ್ತಿರ ಬಂದ ಹುಡುಗಿ ಇದನ್ನು ಬಾಯಿಬಿಟ್ಟು ಕೇಳಲ್ಲ, ಬರೋದು ನಿಲ್ಲಿಸಿಬಿಡ್ತಾಳೆ.

ನೇರ ಮಾತು:
ಬೇಜಾರಾಗಬೇಡಿ. ಓದೋಕೇ ಗತಿ ಇಲ್ಲದ ಮಕ್ಕಳಿಗೆ ಆಟ ಅಷ್ಟು ಮುಖ್ಯಾನಾ?

ಹಳೇ ಗೋಲ್‌ಕೀಪರ್:
1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಪ್ಪಂದ ಓದಿ. 28ನೇ ವಿಧಿ ಓದಿನದ್ದು, 31ನೇದು ಆಟದ್ದು. ಒಂದು ಸಿಕ್ಕ ಮೇಲೆ ಇನ್ನೊಂದು ಅಂತ ಅದರಲ್ಲಿ ಎಲ್ಲೂ ಇಲ್ಲ.

ಭಾನುವಾರದ ಆಟ:
ಅಕ್ಕ, ಶೌಚಾಲಯ ಇಲ್ಲ. ಅದು ನನ್ನ ತಲೆಗೇ ಬಂದಿರಲಿಲ್ಲ, ನಿಜ ಹೇಳ್ತೀನಿ. ಪಕ್ಕದ ಮನೆಯವರನ್ನು ಕೇಳುತ್ತೇನೆ. ಈ ವಾರದಿಂದ ಸಂಜೆ ನಾಲ್ಕೂವರೆ. ಚೆಂಡು 5ನೇ ಸೈಜೇ ಇತ್ತು. ಹುಟ್ಟಿದ ತಿಂಗಳನ್ನೂ ಕೇಳಿದೆ: 12ರಲ್ಲಿ ಏಳು ಜನ ಜನವರಿಯಿಂದ ಏಪ್ರಿಲ್ ಒಳಗಿನವರು.