ಸಹಾಯ ಬೇಕು: ಹದಿಹರೆಯದವರ ಬಿಎಂಐಗೂ ಹಲ್ಲಿನ ಹುಳುಕಿಗೂ ಏನು ನಂಟು?

ಎಲ್ಲರಿಗೂ ನಮಸ್ಕಾರ. 12ರಿಂದ 15 ವರ್ಷದವರ ಎತ್ತರ, ತೂಕ (ಇವೆರಡರಿಂದ ಬರುವ ಅಳತೆಯೇ ಬಿಎಂಐ), ಸೊಂಟದ ಸುತ್ತಳತೆಗೂ ಹಲ್ಲಿನ ಹುಳುಕಿಗೂ ಇರುವ ನಂಟಿನ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಓದಿದಷ್ಟೂ ಗೊಂದಲ ಜಾಸ್ತಿಯಾಗುತ್ತಿದೆ. ಕೆಲವು ಅಧ್ಯಯನಗಳಲ್ಲಿ ತೂಕ ಜಾಸ್ತಿ ಇರುವವರಿಗೆ ಹುಳುಕು ಹೆಚ್ಚು, ಕೆಲವದರಲ್ಲಿ ತೂಕ ಕಡಿಮೆ ಇರುವವರಿಗೆ ಹೆಚ್ಚು, ಇನ್ನು ಕೆಲವದರಲ್ಲಿ ನಂಟೇ ಇಲ್ಲ.

ಸಕ್ಕರೆ ಎರಡಕ್ಕೂ ಕಾರಣ ಆಗಬಹುದು, ನಿಜ. ಆದರೆ ಹುಳುಕಿನ ವಿಷಯದಲ್ಲಿ ದಿನಕ್ಕೆ ಎಷ್ಟು ಸಲ ತಿಂದರು ಅನ್ನುವುದೂ ಮುಖ್ಯ. ಫ್ಲೋರೈಡ್ ಪೇಸ್ಟ್, ಮನೆಯ ಆದಾಯ ಇವೂ ನಡುವೆ ಬರುತ್ತವೆ. ಹಲ್ಲುನೋವಿರುವ ಮಗು ಊಟ ಬಿಟ್ಟು ಸೊರಗುವುದೂ ಉಂಟು. ಹಾಗಾಗಿ ಒಂದೇ ಸಲದ ಅಳತೆಯಿಂದ ಯಾವುದು ಕಾರಣ, ಯಾವುದು ಪರಿಣಾಮ ಅಂತ ಹೇಳಲು ಆಗುವುದಿಲ್ಲ, ಅಲ್ವಾ? ಇನ್ನೊಂದು ವಿಷಯ, ತೂಕ ಜಾಸ್ತಿ ಇರುವ ಮಕ್ಕಳಿಗೆ ಶಾಶ್ವತ ಹಲ್ಲು ಸ್ವಲ್ಪ ಬೇಗ ಹುಟ್ಟುತ್ತದೆ. ಬಾಯಲ್ಲಿ ಹೆಚ್ಚು ಕಾಲ ಇದ್ದ ಹಲ್ಲಿಗೆ ಹುಳುಕು ಹಿಡಿಯಲು ಸಮಯವೂ ಹೆಚ್ಚು ಸಿಗುತ್ತದೆ. ಇದನ್ನು ಬಿಟ್ಟು ಲೆಕ್ಕ ಹಾಕುವುದು ಸರಿಯಲ್ಲ ಅನ್ನಿಸುತ್ತದೆ.

ಬಿಎಂಐಗೆ ವಿಶ್ವ ಆರೋಗ್ಯ ಸಂಸ್ಥೆಯ 2007ರ ಮಾನದಂಡ ಹಿಡಿದು, ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಝಡ್ ಸ್ಕೋರ್ (ಸರಾಸರಿಯಿಂದ ಎಷ್ಟು ದೂರ ಅನ್ನುವ ಅಂಕ) ತೆಗೆಯುತ್ತಿದ್ದೇನೆ. ಹುಳುಕಿಗೆ ಡಿಎಂಎಫ್‌ಟಿ, ಅಂದರೆ ಹುಳುಕಾದ, ಹುಳುಕಿನಿಂದ ಕಳೆದುಹೋದ, ತುಂಬಿಸಿದ ಹಲ್ಲುಗಳ ಒಟ್ಟು ಸಂಖ್ಯೆ. ತೊಡಕು ಇರುವುದು ಇಲ್ಲೇ. ಡಿಎಂಎಫ್‌ಟಿ ಸೊನ್ನೆ ಇರುವ ಮಕ್ಕಳೇ ತುಂಬಾ. ಹಾಗಾಗಿ ಸಾಮಾನ್ಯ ಲೀನಿಯರ್ ರಿಗ್ರೆಶನ್ (ನೇರ ರೇಖೆಯ ಲೆಕ್ಕ) ಹೊಂದುವುದಿಲ್ಲ. ಎಣಿಕೆಗಳಿಗೆ ಬಳಸುವ ನೆಗೆಟಿವ್ ಬೈನಾಮಿಯಲ್ ಮಾದರಿ ಸಾಕಾ, ಹೆಚ್ಚುವರಿ ಸೊನ್ನೆಗಳನ್ನು ಬೇರೆಯಾಗಿ ಲೆಕ್ಕ ಹಿಡಿಯುವ ಝೀರೋ ಇನ್‌ಫ್ಲೇಟೆಡ್ ಮಾದರಿಯೇ ಬೇಕಾ? ಹುಟ್ಟಿರುವ ಹಲ್ಲುಗಳ ಸಂಖ್ಯೆಯನ್ನು ಲೆಕ್ಕದೊಳಗೆ ಹೇಗೆ ಸೇರಿಸುವುದು? ಇಂಥ ಕೆಲಸ ಮಾಡಿರುವವರು ದಯವಿಟ್ಟು ಇಲ್ಲೇ ಬರೆಯಿರಿ.