ನೋಡ್ ವರ್ಷನ್ ಬದಲಾಯಿಸಿದಾಗ ಗ್ಲೋಬಲ್ ಪ್ಯಾಕೇಜ್‌ಗಳಿಗೆ ಏನು ಮಾಡ್ತೀರಿ?

ಪ್ರಶ್ನೆ: ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್) ವರ್ಷನ್ ಬದಲಾಯಿಸಲು ಎನ್‌ವಿಎಂ ಅನ್ನುವ ಟೂಲ್ ಬಳಸುತ್ತಿದ್ದೇನೆ. ನೋಡ್ 20ರಿಂದ 22ಕ್ಕೆ ಬಂದ ಕೂಡಲೇ ಗ್ಲೋಬಲ್ ಆಗಿ (ಒಂದು ಪ್ರಾಜೆಕ್ಟಿಗೆ ಅಂತಲ್ಲದೆ ಎಲ್ಲದಕ್ಕೂ) ಹಾಕಿದ್ದ ಟೈಪ್‌ಸ್ಕ್ರಿಪ್ಟ್, ಪಿಎಂ2 (ಆ್ಯಪ್‌ಗಳನ್ನು ಹಿನ್ನೆಲೆಯಲ್ಲಿ ಓಡಿಸುವ ಟೂಲ್), ನೋಡ್‌ಮಾನ್ (ಕೋಡ್ ಬದಲಾದಾಗ ಆ್ಯಪ್ ರೀಸ್ಟಾರ್ಟ್ ಮಾಡುವ ಟೂಲ್) ಎಲ್ಲದಕ್ಕೂ ‘ಕಮಾಂಡ್ ನಾಟ್ ಫೌಂಡ್’ ಬರುತ್ತಿದೆ. ಪ್ರತಿಸಲ ಒಂದೊಂದನ್ನೇ ಮತ್ತೆ ಹಾಕಬೇಕಾ? ನಿಮ್ಮ ಅನುಭವ ಹೇಳಿ.

ಉತ್ತರ 1: ಪ್ಯಾಕೇಜ್‌ಗಳು ಎಲ್ಲೂ ಹೋಗಿಲ್ಲ, ಗಾಬರಿ ಬೇಡ. ಎನ್‌ವಿಎಂನಲ್ಲಿ ಪ್ರತಿ ವರ್ಷನ್‌ಗೂ ಬೇರೆ ಫೋಲ್ಡರ್ ಇರುತ್ತದೆ. ಗ್ಲೋಬಲ್ ಪ್ಯಾಕೇಜ್‌ಗಳು ಕೂರುವುದು ಅದರೊಳಗೇ. 22ಕ್ಕೆ ಬಂದಾಗ 20ರ ಫೋಲ್ಡರ್ ಪಾತ್‌ನಿಂದ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಯಿಂದ) ಆಚೆ ಹೋಗುತ್ತದೆ, ಅಷ್ಟೇ. ಈಗ 22ರಲ್ಲೇ ಇದ್ದುಕೊಂಡು ‘ಎನ್‌ವಿಎಂ ರೀಇನ್‌ಸ್ಟಾಲ್-ಪ್ಯಾಕೇಜಸ್ 20’ ಕೊಡಿ. ಮುಂದಿನ ಸಲ ಇನ್‌ಸ್ಟಾಲ್ ಮಾಡುವಾಗಲೇ ‘ರೀಇನ್‌ಸ್ಟಾಲ್-ಪ್ಯಾಕೇಜಸ್-ಫ್ರಮ್’ ಆಪ್ಷನ್ ಸೇರಿಸಿದರೆ ಒಂದೇ ಏಟಿಗೆ ಮುಗಿಯುತ್ತದೆ.

ಉತ್ತರ 2: ಕಮಾಂಡ್ ಸರಿಯೇ. ಆದರೆ ನಾನು ಎಲ್ಲವನ್ನೂ ಹೊತ್ತುಕೊಂಡು ಹೋಗುವುದಿಲ್ಲ. ಮೊದಲು 20ರಲ್ಲಿ ಇದ್ದುಕೊಂಡು ‘ಎನ್‌ಪಿಎಂ ಎಲ್‌ಎಸ್ -ಜಿ’ (ಎನ್‌ಪಿಎಂ ಅಂದರೆ ನೋಡ್‌ನ ಪ್ಯಾಕೇಜ್ ಹಾಕುವ ಟೂಲ್) ಹೊಡೆದು ಪಟ್ಟಿ ನೋಡಿ. ಯಾವತ್ತೋ ಟ್ಯುಟೋರಿಯಲ್‌ಗೆಂದು ಹಾಕಿ ಆಮೇಲೆ ಮುಟ್ಟದೇ ಇದ್ದದ್ದೇ ಜಾಸ್ತಿ ಸಿಗುತ್ತದೆ. ಟೈಪ್‌ಸ್ಕ್ರಿಪ್ಟ್, ನೋಡ್‌ಮಾನ್ ಇರಬೇಕಾದ್ದು ಪ್ರಾಜೆಕ್ಟಿನ ಡೆವ್ ಡಿಪೆಂಡೆನ್ಸಿಯಲ್ಲಿ (ಡೆವಲಪ್ ಮಾಡುವಾಗ ಆ ಪ್ರಾಜೆಕ್ಟಿಗೆ ಬೇಕಾದ ಪ್ಯಾಕೇಜ್‌ಗಳ ಪಟ್ಟಿಯಲ್ಲಿ). ಒಂದು ಪ್ರಾಜೆಕ್ಟಿಗೆ ಟೈಪ್‌ಸ್ಕ್ರಿಪ್ಟ್ 4 ಬೇಕು, ಇನ್ನೊಂದಕ್ಕೆ 5 ಬೇಕು ಅಂದುಕೊಳ್ಳಿ. ಗ್ಲೋಬಲ್ ಆಗಿ ಇರುವುದು ಒಂದೇ ಅಲ್ವಾ? ನಿಮ್ಮಲ್ಲಿ ಬಿಲ್ಡ್ ಆಗುತ್ತದೆ, ಟೀಮಿನ ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಒಡೆಯುತ್ತದೆ. ಪ್ರಾಜೆಕ್ಟಿನಲ್ಲೇ ಹಾಕಿಟ್ಟರೆ ‘ಎನ್‌ಪಿಎಕ್ಸ್ ಟಿಎಸ್‌ಸಿ’ (ಟಿಎಸ್‌ಸಿ ಅಂದರೆ ಟೈಪ್‌ಸ್ಕ್ರಿಪ್ಟ್ ಕಂಪೈಲರ್) ಅಂದಾಗ ಆ ಪ್ರಾಜೆಕ್ಟಿನದ್ದೇ ಓಡುತ್ತದೆ. ನಿಜಕ್ಕೂ ಎಲ್ಲ ಕಡೆ ಬೇಕಾದದ್ದನ್ನು ಮಾತ್ರ ಎನ್‌ವಿಎಂ ಫೋಲ್ಡರ್‌ನಲ್ಲಿ ‘ಡಿಫಾಲ್ಟ್-ಪ್ಯಾಕೇಜಸ್’ ಅನ್ನುವ ಫೈಲ್ ಮಾಡಿ, ಸಾಲಿಗೊಂದರಂತೆ ಬರೆದಿಡಿ. ಹೊಸ ವರ್ಷನ್ ಹಾಕಿದಾಗೆಲ್ಲ ಅವು ತಾವಾಗಿ ಬರುತ್ತವೆ.

ಉತ್ತರ 3: ಎಲ್ಲ ವರ್ಷನ್‌ಗೂ ಒಂದೇ ಫೋಲ್ಡರ್ ಇರಲಿ ಅಂತ ಎನ್‌ಪಿಎಂ ಪ್ರಿಫಿಕ್ಸ್ (ಗ್ಲೋಬಲ್ ಪ್ಯಾಕೇಜ್ ಎಲ್ಲಿ ಕೂರಬೇಕೆಂಬ ಸೆಟ್ಟಿಂಗ್) ಬದಲಾಯಿಸಲು ಹೋಗಬೇಡಿ. ಎನ್‌ವಿಎಂ ಅದನ್ನು ಒಪ್ಪುವುದಿಲ್ಲ, ತಕರಾರು ತೆಗೆಯುತ್ತದೆ. ಅದಕ್ಕೆ ಕಾರಣವೂ ಇದೆ. ಬೆಟರ್-ಎಸ್‌ಕ್ಯೂಲೈಟ್3 (ಡೇಟಾಬೇಸ್ ಪ್ಯಾಕೇಜ್) ತರಹದ ನೇಟಿವ್ ಮಾಡ್ಯೂಲ್‌ಗಳು, ಅಂದರೆ ಸಿ++ ಕೋಡ್ ಇರುವಂಥವು, ನಿರ್ದಿಷ್ಟ ನೋಡ್‌ಗೆಂದೇ ಕಂಪೈಲ್ ಆಗಿರುತ್ತವೆ. ಈ ಹೊಂದಾಣಿಕೆ ನೋಡಲು ಬಳಸುವ ಮಾಡ್ಯೂಲ್ ವರ್ಷನ್ ಸಂಖ್ಯೆ ನೋಡ್ 20ರಲ್ಲಿ 115, 22ರದ್ದು 127. ಅಲ್ಲಿಯದನ್ನು ಇಲ್ಲಿ ಲೋಡ್ ಮಾಡಿದರೆ ಈ ಎರಡು ಸಂಖ್ಯೆ ತೋರಿಸಿ ಎರರ್ ಕೊಡುತ್ತದೆ. ಮತ್ತೆ ಇನ್‌ಸ್ಟಾಲ್ ಇಲ್ಲವೇ ರೀಬಿಲ್ಡ್ ಮಾಡಬೇಕು.

ಉತ್ತರ 4: ಪೈಥಾನ್‌ನವರಿಗೂ ಇದೇ ಕಥೆ. ಪೈಎನ್ವ್‌ನಲ್ಲಿ (ಪೈಥಾನ್‌ಗೆ ಎನ್‌ವಿಎಂ ತರಹದ ಟೂಲ್) ವರ್ಷನ್ ಬದಲಾದರೆ ಪಿಪ್‌ನಲ್ಲಿ (ಪೈಥಾನ್ ಪ್ಯಾಕೇಜ್ ಹಾಕುವ ಟೂಲ್) ಹಾಕಿದ್ದು ಕಾಣುವುದಿಲ್ಲ. ಬ್ಲ್ಯಾಕ್ (ಕೋಡ್ ಫಾರ್ಮ್ಯಾಟ್ ಮಾಡುವುದು), ಪೊಯೆಟ್ರಿಯಂಥ (ಡಿಪೆಂಡೆನ್ಸಿ ನೋಡಿಕೊಳ್ಳುವುದು) ಟೂಲ್‌ಗಳನ್ನು ನಾನು ಪಿಪ್‌ಎಕ್ಸ್‌ನಲ್ಲಿ ಹಾಕುತ್ತೇನೆ. ಅದರಲ್ಲಿ ಒಂದೊಂದು ಟೂಲ್‌ಗೂ ಬೇರೆ ಎನ್ವಿರಾನ್‌ಮೆಂಟ್ (ಪ್ರತ್ಯೇಕ ಫೋಲ್ಡರ್). ಪೈಥಾನ್ ಬದಲಾದ ಮೇಲೆ ‘ಪಿಪ್‌ಎಕ್ಸ್ ರೀಇನ್‌ಸ್ಟಾಲ್-ಆಲ್’ ಸಾಕು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಪಿಎಂ2 ವಾಪಸ್ ಬಂತು, ಟೈಪ್‌ಸ್ಕ್ರಿಪ್ಟ್ ಪ್ರಾಜೆಕ್ಟಿಗೆ ಹಾಕಿದೆ. ಈಗ 20 ತೆಗೆದುಬಿಡಲಾ?

ಉತ್ತರ 2: ಸ್ವಲ್ಪ ತಡೀರಿ. 20 ತೆಗೆದರೆ ಅದರ ಪ್ಯಾಕೇಜ್‌ಗಳೂ ಜೊತೆಗೇ ಹೋಗುತ್ತವೆ. ಪಟ್ಟಿಯನ್ನು ಒಂದು ಫೈಲಿಗೆ ಉಳಿಸಿಕೊಳ್ಳಿ. ಪಿಎಂ2 ಹಿನ್ನೆಲೆಯಲ್ಲಿ ಹಳೇ ನೋಡ್‌ನಲ್ಲೇ ಓಡುತ್ತಿರಬಹುದು, ‘ಪಿಎಂ2 ಅಪ್‌ಡೇಟ್’ ಕೊಡಿ. ಮೆಷಿನ್ ಆನ್ ಆದಾಗ ತಾನಾಗಿ ಶುರುವಾಗುವಂತೆ ಇಟ್ಟಿದ್ದರೆ ‘ಅನ್‌ಸ್ಟಾರ್ಟಪ್’ ಮಾಡಿ ಮತ್ತೆ ‘ಸ್ಟಾರ್ಟಪ್’ ಮಾಡಿ. ಆ ಸ್ಕ್ರಿಪ್ಟಿನಲ್ಲಿ 20ರ ಪಾತ್ ಬರೆದಿರುತ್ತದೆ.