ಪದಚರ್ಚೆ: ಎಐಗೆ ಕೇಳುವುದೋ, ಹೇಳುವುದೋ?

ಪ್ರಶ್ನೆ: ಕಚೇರಿ ಸಿಬ್ಬಂದಿಗೆ ಎಐ ಸಹಾಯಕದ ಬಳಕೆ ತಿಳಿಸುವ 2 ಪುಟದ ಕೈಪಿಡಿ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ‘ಪ್ರಾಂಪ್ಟ್’ (ಎಐಗೆ ನಾವು ಬರೆದು ಕೊಡುವ ಮಾತು) ಎಂಬುದಕ್ಕೆ ಆಜ್ಞೆ, ಆದೇಶ, ಸೂಚನೆ, ಪ್ರೇರಕ ಇವುಗಳಲ್ಲಿ ಯಾವುದು ಹೊಂದುತ್ತದೆ? ‘ಎಐಗೆ ಕೇಳಿ’ ಎಂದು ಬರೆದರೆ ತಪ್ಪೇ?

ಉತ್ತರ: ‘ಆದೇಶ’ ಬೇಡವೇ ಬೇಡ. ಕಚೇರಿಯಲ್ಲಿ ಆದೇಶ ಎಂದರೆ ಸಂಖ್ಯೆ, ದಿನಾಂಕ, ಸಹಿ ಇರುವ ಕಾಗದ. ‘ಪ್ರೇರಕ’ ಕೋಶದಿಂದ ಎತ್ತಿಟ್ಟ ಪದ, ಯಾರ ಬಾಯಲ್ಲೂ ಇಲ್ಲ. ‘ಸೂಚನೆ’ ನಡೆಯುತ್ತದೆ. ‘ಪ್ರಾಂಪ್ಟ್’ ಎಂದೇ ಇಟ್ಟರೂ ನಷ್ಟವಿಲ್ಲ, ಫೈಲು ಬಿಲ್ಲುಗಳ ಸಾಲಿಗೆ ಅದೂ ಸೇರುತ್ತದೆ.

ನಾಮಪದಕ್ಕಿಂತ ಹೆಚ್ಚು ಗಮನ ಬೇಕಾದದ್ದು ಕ್ರಿಯಾಪದಕ್ಕೆ. ‘ಎಐಯನ್ನು ಕೇಳು’ ಎಂಬುದು ಹಳೆಯ ರೂಢಿ. ‘ಎಐಗೆ ಕೇಳು’ ಉತ್ತರ ಕರ್ನಾಟಕದ ಮಾತಿನಲ್ಲಿ ಸಹಜ, ಈಗ ಎಲ್ಲೆಡೆ ಹಬ್ಬಿದೆ. ವ್ಯಾಕರಣದ ತಕರಾರು ಇಷ್ಟೇ. ನನ್ನ ತಕರಾರು ಅರ್ಥದ್ದು. ‘ಕೇಳಿ’ ಎಂದು ಓದಿದವರು ಪ್ರಶ್ನೆಯನ್ನೇ ಬರೆಯುತ್ತಾರೆ: ‘ಸುತ್ತೋಲೆ ಬರೆಯುವುದು ಹೇಗೆ?’ ಬರುವುದು ಸುತ್ತೋಲೆಯಲ್ಲ, ಸುತ್ತೋಲೆಯ ಬಗ್ಗೆ ಉಪದೇಶ. ನಮ್ಮಲ್ಲಿ ‘ಕೆಲಸ ಹೇಳುವುದು’ ಎಂಬ ಚೊಕ್ಕ ಮಾತಿದೆ. ಕೆಲಸ ಹೇಳುವಾಗ ಯಾರಿಗಾಗಿ, ಏನು, ಎಷ್ಟು ಎಂಬುದೂ ತಾನಾಗಿ ಬಾಯಿಗೆ ಬರುತ್ತದೆ. ಕೈಪಿಡಿಯಲ್ಲಿ ‘ಎಐಗೆ ಕೆಲಸ ಹೇಳಿ’ ಎಂದು ಬರೆಯಿರಿ. ಕೆಳಗೆ ಇಂಥದ್ದೊಂದು ಮಾದರಿ ಕೊಡಿ:

‘ಲೆಕ್ಕ ವಿಭಾಗದ 12 ಸಿಬ್ಬಂದಿಗೆ ಸುತ್ತೋಲೆಯ ಕರಡು ಬರೆ. ವಿಷಯ: ಪ್ರಯಾಣ ವೆಚ್ಚದ ಬಿಲ್ಲುಗಳನ್ನು ಪ್ರತಿ ತಿಂಗಳು 25ನೇ ತಾರೀಖಿನೊಳಗೆ ಕೊಡಬೇಕು, ತಡವಾದವು ಮುಂದಿನ ತಿಂಗಳಿಗೆ ಹೋಗುತ್ತವೆ. 100 ಪದ ಮೀರಬೇಡ. ನಾನು ಕೊಡದ ದಿನಾಂಕ, ಆದೇಶ ಸಂಖ್ಯೆ ಸೇರಿಸಬೇಡ. ಬೇಕಾದ ಕಡೆ ಖಾಲಿ ಗೆರೆ ಬಿಡು.’

ಕೊನೆಯ ಎರಡು ವಾಕ್ಯಗಳನ್ನು ಬಿಡಬಾರದು. ‘ಉಲ್ಲೇಖ’ ಎಂಬ ಜಾಗ ಕಂಡರೆ ಅದನ್ನು ತುಂಬಲೆಂದು ಇಲ್ಲದ ಆದೇಶ ಸಂಖ್ಯೆಯನ್ನು ಎಐ ಕಟ್ಟಿಬಿಡಬಹುದು. ನೋಡಲು ಅಚ್ಚುಕಟ್ಟಾಗಿರುವುದರಿಂದ ಅದು ಕಣ್ತಪ್ಪಿ ಸಹಿಗೆ ಹೋಗುತ್ತದೆ. ಈ ವಾಕ್ಯಗಳನ್ನು ಬರೆದ ಮೇಲೂ ಸಂಖ್ಯೆ, ದಿನಾಂಕ, ಮೊತ್ತ ಮೂರನ್ನೂ ಮೂಲ ಕಡತದೊಂದಿಗೆ ತಾಳೆ ನೋಡಲೇಬೇಕು.

ಇನ್ನೆರಡು ಪದಗಳು ದಾರಿ ತಪ್ಪಿಸುತ್ತವೆ. ಒಂದು ‘ತಿದ್ದು’. ಮೇಷ್ಟ್ರು ತಿದ್ದಿದಂತೆ ತಿದ್ದಲಿ ಎಂದು ನಾವು ಬಯಸಿದರೆ, ಎಐ ಪತ್ರವನ್ನೇ ಹೊಸದಾಗಿ ಬರೆದಿಡಬಹುದು. ‘ಅಕ್ಷರ ತಪ್ಪು, ವಿಭಕ್ತಿ ತಪ್ಪು ಮಾತ್ರ ಸರಿಪಡಿಸು, ವಾಕ್ಯ ಬದಲಿಸಬೇಡ, ಬದಲಿಸಿದ ಪದಗಳ ಪಟ್ಟಿ ಕೊಡು’ ಎನ್ನಬೇಕು. ಇನ್ನೊಂದು ‘ನಡವಳಿ’. ಸಭೆಯ ನಡವಳಿಯೂ ನಡವಳಿಯೇ, ಸರ್ಕಾರಿ ಆದೇಶದ ನೆತ್ತಿಯ ಮೇಲಿರುವ ‘ಕರ್ನಾಟಕ ಸರ್ಕಾರದ ನಡವಳಿಗಳು’ ಕೂಡ ನಡವಳಿಯೇ. ಬರೀ ‘ನಡವಳಿ ಬರೆ’ ಎಂದರೆ ಯಾವುದು ಬರುತ್ತದೋ ಹೇಳಲಾಗದು. ‘ಸಭೆಯ ನಡವಳಿ ಬರೆ. ತೀರ್ಮಾನ, ಹೊಣೆ ಯಾರದು, ಗಡುವು ಎಂಬ 3 ಕಾಲಂ ಇರಲಿ’ ಎಂದು ಬಿಡಿಸಿ ಹೇಳಿ.

ಇಂಗ್ಲಿಷ್‌ನಲ್ಲಿ ಬರೆಸಿ ಆಮೇಲೆ ಕನ್ನಡಕ್ಕೆ ತಿರುಗಿಸುವ ಅಭ್ಯಾಸ ಬೇಡ. ‘ಈ ಇಮೇಲ್ ನಿಮ್ಮನ್ನು ಚೆನ್ನಾಗಿ ಕಂಡುಕೊಳ್ಳುತ್ತದೆ ಎಂದು ಭಾವಿಸುತ್ತೇನೆ’ ಎಂಬಂಥ ಸಾಲುಗಳು ಹುಟ್ಟುವುದು ಹಾಗೆ. ‘ಮಾನ್ಯರೆ’ ಎಂದು ಶುರುವಾಗುವ ನಿಮ್ಮದೇ ಕಚೇರಿಯ ಒಂದು ಹಳೆಯ ಪತ್ರವನ್ನು, ಹೆಸರು, ಮೊಬೈಲ್, ಆಧಾರ್ ಸಂಖ್ಯೆಗಳನ್ನು ತೆಗೆದು, ಮಾದರಿಯಾಗಿ ಅಂಟಿಸಿದರೆ ಒಕ್ಕಣೆ ತಾನಾಗಿ ಹದಕ್ಕೆ ಬರುತ್ತದೆ. (‘ಒಕ್ಕಣೆ’ ಎಂಥ ಒಳ್ಳೆಯ ಪದ! ಕೈಪಿಡಿಯಲ್ಲಿ ಅದನ್ನು ಧಾರಾಳವಾಗಿ ಬಳಸಿ.)

ಮರುಪ್ರಶ್ನೆ: ಹಳೆಯ ಪತ್ರ ಅಂಟಿಸಿದಾಗ ಕನ್ನಡವೇ ಕಾಣದೆ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳು ಬರುತ್ತವಲ್ಲ?

ಉತ್ತರ: ಆ ಕಡತ ಯುನಿಕೋಡ್‌ನಲ್ಲಿಲ್ಲ (ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ವ್ಯವಸ್ಥೆ ಅದು), ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿದೆ. ಅಲ್ಲಿ ಒಳಗಿರುವುದು ರೋಮನ್ ಸಂಕೇತಗಳೇ, ಫಾಂಟು ಮಾತ್ರ ಅವನ್ನು ಕನ್ನಡವಾಗಿ ತೋರಿಸುತ್ತದೆ. ಮೊದಲು ಪರಿವರ್ತಕದಲ್ಲಿ ಯುನಿಕೋಡ್‌ಗೆ ಬದಲಿಸಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ, ಆಮೇಲೆ ಅಂಟಿಸಿ. ಪರಿವರ್ತನೆಯಲ್ಲಿ ಕೆಡುವುದು ಹೆಚ್ಚಾಗಿ ಅಲ್ಲೇ.